ಸೊಳ್ಳೆಯ ಹೆಸರು ಗೊತ್ತಾದ ಮೇಲೆ

ಕಳೆದ ತಿಂಗಳು ನನ್ನ ಅಕ್ಕನ ಮನೆಯ ಸೊಳ್ಳೆಗಳು ಹೈದರಾಬಾದಿಗೆ ಹೋದವು. ಪುಟ್ಟ ಪ್ಲಾಸ್ಟಿಕ್ ಟ್ಯೂಬುಗಳಲ್ಲಿ ಕುಳಿತು. ವಾಪಸ್ ಬರಲಿಲ್ಲ. ಅವುಗಳ ಹೆಸರಷ್ಟೇ ಬಂತು.

ನಗಬೇಡಿ. ನಗುವ ವಿಷಯವಲ್ಲ ಇದು.

ಅಕ್ಕ ಇರುವುದು ಬಸವಕಲ್ಯಾಣದಲ್ಲಿ. ನಾನು ಹುಮನಾಬಾದಿನಲ್ಲಿ. ಮಳೆಗಾಲದ ಕೊನೆಗೆ ಅವಳ ಸೊಸೆ ಶಾರದಾಗೆ ಜ್ವರ ಬಂತು. ಏಳು ತಿಂಗಳ ಬಸುರಿ. ಡೆಂಗಿ ಎಂದರು ಡಾಕ್ಟರು. ಪ್ಲೇಟ್‌ಲೆಟ್ ಇಳಿಯುತ್ತಲೇ ಹೋಯಿತು. ಶಾರದಾ ಉಳಿದಳು. ಮಗು ಉಳಿಯಲಿಲ್ಲ. ಹೆಣ್ಣು ಮಗು. "ತಲಿ ತುಂಬ ಕೂದಲಿತ್ತು" ಎಂದು ಅಕ್ಕ ಫೋನಿನಲ್ಲಿ ಹೇಳಿದಳು.

ತಪ್ಪು ಯಾರದು? ಇಡೀ ಗಲ್ಲಿ ಒಂದೇ ಉತ್ತರ ಕೊಟ್ಟಿತು: ಗಟಾರದ್ದು. ಮನೆ ಮುಂದೆ ಹರಿಯುವ (ಹರಿಯದೆ ನಿಂತೇ ಇರುವ) ಗಟಾರ. ಸುದ್ದಿ ಹಬ್ಬಿದ ಮೇಲೆ ಒಂದು ಸಂಜೆ ಫಾಗಿಂಗ್ ಯಂತ್ರವೂ ಬಂತು. ಗಟಾರದ ಮೇಲೆ ಬುಸ್ಸೆಂದು ಹೊಗೆ ಬಿಟ್ಟು, ಫೋಟೊ ಹೊಡೆಸಿಕೊಂಡು ಹೋಯಿತು.

ಆಗ ಬಂದವಳು ಶಾಹೀನ್. ಅಕ್ಕನ ಎದುರು ಮನೆಯ ಹುಡುಗಿ, ಶಾರದಾಳ ಗೆಳತಿ. ಹೈದರಾಬಾದಿನ ಲ್ಯಾಬೊಂದರಲ್ಲಿ ಸೊಳ್ಳೆಗಳ ಮೇಲೆ ರಿಸರ್ಚ್ ಮಾಡುತ್ತಾಳೆ. ಗೆಳತಿಯನ್ನು ತಬ್ಬಿಕೊಂಡು ಅತ್ತಳು. ಆಮೇಲೆ ಎದ್ದು ಮನೆಯ ಮೂಲೆ ಮೂಲೆ ಹುಡುಕಿ ಸೊಳ್ಳೆ ಹಿಡಿದಳು. ಅಕ್ಕ ಬಡಿದು ಕೊಂದವನ್ನೂ ಬಿಡಲಿಲ್ಲ.

"ಸತ್ತ ಸೊಳ್ಳಿ ತೊಗೊಂಡು ಏನ್ ಮಾಡ್ತಿ?" ಎಂದೆ, ಅಕ್ಕನನ್ನು ನೋಡಲು ಬಂದಿದ್ದ ನಾನು.

"ಒಂದು ಕಾಲು ಸಿಕ್ರೂ ಸಾಕ್ರಿ ಮೌಶಿ. ಅದನ್ನ ಅರದು, ಮಷಿನ್‌ನಾಗಿಟ್ಟು ಲೇಸರ್ ಹೊಡಿತೀವಿ. ಒಳಗಿನ ಪ್ರೋಟೀನ್ ತೂಕದ ಪ್ರಕಾರ ಗೆರಿ ಗೆರಿ ಆಗಿ ಕಾಣ್ತಾವ. ಒಂದೊಂದು ಜಾತಿಗೆ ಒಂದೊಂದು ನಮೂನಿ. ನಮ್ಮ ಹೆಬ್ಬಟ್ಟಿನ ಗುರ್ತು ಇದ್ದಂಗ."

ಅಂಗಳದ ನೀರಿನ ಟಾಕಿಯಲ್ಲಿ (ತೊಟ್ಟಿಯಲ್ಲಿ) ಕುಣಿಯುತ್ತಿದ್ದ ಸೊಳ್ಳೆಮರಿ ಹುಳುಗಳನ್ನೂ ಒಂದು ಬಾಟಲಿಗೆ ತುಂಬಿಕೊಂಡಳು.

ಅವಳು ಲ್ಯಾಬಿನ ಉತ್ತರ ಹಿಡಿದು ಮತ್ತೆ ಬಂದಾಗಲೂ ನಾನು ಅಕ್ಕನ ಮನೆಯಲ್ಲಿದ್ದೆ.

"ಮೌಶಿ, ಎಲ್ಲಾರೂ ಗಟಾರ ಗಟಾರ ಅನ್ನಾಕತ್ತಾರ. ಆದ್ರ ಇವು ಗಟಾರದ್ದಲ್ರಿ. ಈಡಿಸ್ ಅಂತ, ಡೆಂಗಿ ಹರಡೋ ಜಾತಿ. ಶಾರದಾಗ ಇದೇ ಸೊಳ್ಳಿ ಕಚ್ಚಿತ್ತು ಅಂತ ನಾ ಹೇಳಂಗಿಲ್ಲ. ಆದ್ರ ಇದು ಕಚ್ಚೋದು ಹಗಲ್ನಾಗ. ತತ್ತಿ ಇಡೋದು ತುಂಬಿಟ್ಟ ಸ್ವಚ್ಛ ನೀರಾಗ. ಟಾಕ್ಯಾಗಿನ ಹುಳಾನೂ ಅದೇ ಜಾತಿ."

ಅಕ್ಕ ಅಂಗಳದ ಸಿಮೆಂಟ್ ಟಾಕಿಯ ಕಡೆ ನೋಡಿದಳು. ಆ ಗಲ್ಲಿಯ ನಳಕ್ಕೆ ನೀರು ಬರುವುದು ವಾರಕ್ಕೊಮ್ಮೆ. (ಬಂದರೆ!) ಬಸುರಿ ಸೊಸೆ ಕೊಡ ಹೊರಬಾರದೆಂದು ಅವಳು ಟಾಕಿಯನ್ನು ಅಂಚಿನವರೆಗೆ ತುಂಬಿಡುತ್ತಿದ್ದಳು. ಮಧ್ಯಾಹ್ನ ತಂಪಿರುತ್ತದೆಂದು ಅದರ ಪಕ್ಕದಲ್ಲೇ ಸೊಸೆಗೆ ಚಾಪೆ ಹಾಸುತ್ತಿದ್ದಳು. ಸಂಜೆಯಾದರೆ ಕಿಟಕಿ ಬಂದ್, ರಾತ್ರಿ ಸೊಳ್ಳೆ ಪರದೆ. ಎಷ್ಟು ಜೋಪಾನ!

"ಹಂಗಾರ ನಾನೇ ಸಾಕಿದ್ನೇನ್ ಬೇಟಿ?" ಎಂದಳು ಅಕ್ಕ.

"ಇಲ್ರಿ ಮೌಶಿ, ಹಂಗನಬ್ಯಾಡ್ರಿ" ಎಂದು ಶಾಹೀನ್ ಅವಳ ಕೈ ಹಿಡಿದಳು. ಅಕ್ಕ ಕೈ ಬಿಡಿಸಿಕೊಂಡು ಒಳಗೆ ಹೋದಳು.

ಮರುದಿನ ಇದನ್ನೆಲ್ಲ ಹೇಳಲು ನಾನೂ ಶಾಹೀನೂ ಒಂದು ಕಚೇರಿಗೆ ಹೋದೆವು. (ಯಾವುದೆಂದು ಬರೆಯುವುದಿಲ್ಲ. ನಿಮ್ಮೂರಲ್ಲೂ ಅಂಥದ್ದೊಂದು ಇದೆ.) ಅಧಿಕಾರಿ ಗದರಲಿಲ್ಲ, ಕಾಯಿಸಲಿಲ್ಲ. ಚಹಾ ತರಿಸಿದರು. ಶಾಹೀನ್ ಹೇಳಿದ್ದನ್ನು ಪೂರ್ತಿ ಕೇಳಿದರು. ಕೇಳುತ್ತ ಕೇಳುತ್ತ ಅವರ ಮುಖ ಅರಳಿತು.

"ಅಂದ್ರ ಗಟಾರದ್ದೇನೂ ತಪ್ಪಿಲ್ಲ ಅಂದಂಗಾತು!"

"ದಿನಾ ನೀರು ಬಿಟ್ರ ಯಾರೂ ತುಂಬಿಡಂಗಿಲ್ರಿ ಸಾಹೇಬ್ರೆ" ಎಂದಳು ಶಾಹೀನ್.

"ಅದು ಬ್ಯಾರೆ ಸೆಕ್ಷನ್‌ದ್ರಿ."

ಆ ವಾರವೇ ಗಲ್ಲಿಗೆ ಕಚೇರಿಯ ಜನ ಬಂದರು. ಟಾಕಿಗೆ ಮುಚ್ಚಳ ತಂದರೇ? ನೀರಿಗೆ ಹಾಕಲು ಔಷಧ? ಇಲ್ಲ. ಮನೆಮನೆ ಹೊಕ್ಕು ಡ್ರಮ್ಮು ಉರುಳಿಸಿದರು, ಕೊಡ ಬಗ್ಗಿಸಿದರು. ಕುಡಿಯುವ ನೀರೆಲ್ಲ ಅದೇ ಗಟಾರಕ್ಕೆ ಹೋಯಿತು. ಹೆಂಗಸರು ಬಾಯಿ ಮಾಡಿದರು, ಅಡ್ಡ ನಿಂತರು. ಅಕ್ಕ ಮಾತ್ರ ತಾನೇ ಬಕೀಟು ಹಿಡಿದು ಟಾಕಿಯನ್ನು ತಳ ಕಾಣುವವರೆಗೆ ಬರಿದು ಮಾಡಿದಳು. ಆಮೇಲೆ ತೆಂಗಿನ ನಾರಿನಿಂದ ಅದನ್ನು ತಿಕ್ಕುತ್ತಲೇ ಕುಳಿತಳಂತೆ, ಕೈ ರಕ್ತ ಬರುವವರೆಗೆ.

ಸಿಟ್ಟೆಲ್ಲ ಯಾರ ಮೇಲೆ ಹೋಯಿತು? ಕಚೇರಿಯ ಮೇಲಲ್ಲ. ಶಾಹೀನ್‌ಳ ತಾಯಿಯ ಬಾಗಿಲಿಗೆ. "ನಿನ್ ಮಗಳು ಓದಿ ನಮ್ಮ ನೀರು ಚೆಲ್ಲಿಸಿದ್ಲಲ್ಲ!" ಶಾಹೀನ್ ಅಂದೇ ಮಧ್ಯಾಹ್ನದ ಬಸ್ಸು ಹತ್ತಿದಳು. ಶಾರದಾ ಮೋರಖಂಡಿಯ ತವರಿನಲ್ಲಿದ್ದಾಳೆ. ಯಾವಾಗ ಬರುತ್ತಾಳೋ, ಅಕ್ಕ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ.

ಮೊನ್ನೆ ಹೋಗಿದ್ದೆ. ನೀರು ಈಗಲೂ ವಾರಕ್ಕೊಮ್ಮೆಯೇ. ಗಲ್ಲಿಯ ಬಾಯಲ್ಲಿ ಹೊಸ ಬ್ಯಾನರ್ ಬಂದಿದೆ: "ಮನೆಯಲ್ಲಿ ನೀರು ಸಂಗ್ರಹಿಸಿಡಬೇಡಿ."

ಹಾಗಾದರೆ ಉಳಿದ ಆರು ದಿನ ಏನು ಕುಡಿಯಬೇಕು, ಸಾಹೇಬರೇ?