ಕನ್ನಡಿ ಮನೆಯ ಹೆಂಗಸರು

ಮೊನ್ನೆ ಮಗಳ ಹಟಕ್ಕೆ ಬೆಳಗಾವಿಯ ಮಾಲ್‌ನಲ್ಲಿ ಕನ್ನಡಿ ಮನೆಯೊಂದನ್ನು ಹೊಕ್ಕೆ. ಪ್ಲೈವುಡ್ಡಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ನಿಪ್ಪಾಣಿಯ ವಸ್ತುಪ್ರದರ್ಶನದ ತಗಡಿನ ಶೆಡ್ಡಿನಲ್ಲಿದ್ದೆ, ದೊಡ್ಡವ್ವನ ಸೆರಗು ಹಿಡಿದುಕೊಂಡು.

ದೊಡ್ಡಪ್ಪ ತೀರಿಕೊಂಡ ದಿನವೇ ದೊಡ್ಡವ್ವ ಮನೆಯ ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದ್ದಳು. "ನನಗ್ಯಾಕವ್ವಾ ಕನ್ನಡಿ?" ಎನ್ನುತ್ತ ವರ್ಷಗಟ್ಟಲೆ ಕೈ ಅಂದಾಜಿನಲ್ಲೇ ತಲೆ ಬಾಚಿಕೊಂಡಳು. ಕೊನೆಯ ಸಲ ತನ್ನನ್ನು ನೋಡಿಕೊಂಡಾಗ ಅವಳ ಕೂದಲು ಕಪ್ಪಗಿತ್ತು, ಹಣೆಯಲ್ಲಿ ಕುಂಕುಮವಿತ್ತು.

ಶೆಡ್ಡಿನೊಳಗೆ ಏನಿದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ. "ವೈನೀ, ಮಜಾ ಐತಿ, ಬರ್ರಿ" ಎಂದು ಅಪ್ಪ ಅತ್ತಿಗೆಯನ್ನು ಕರೆದೊಯ್ದಿದ್ದ.

ತಿರುವಿನಲ್ಲಿ ಅವಳು ನಿಂತುಬಿಟ್ಟಳು. ಎದುರಿಗೆ, ಪಕ್ಕಕ್ಕೆ, ಎಲ್ಲೆಲ್ಲೂ ಬೋಳು ಹಣೆಯ, ತಲೆ ತುಂಬ ಸೆರಗು ಹೊದ್ದ ಮುದುಕಿಯರು. ನಮ್ಮ ಕಡೆ ಸತ್ತವರ ಮನೆಗೆ ಮಾತಾಡಿಸಲು ಬಂದವರು ಹಾಗೇ ಗುಂಪಾಗಿ, ಸುಮ್ಮನೆ ನಿಲ್ಲುತ್ತಾರೆ. ದೊಡ್ಡವ್ವ ಸೆರಗನ್ನು ಬಾಯಿಗೆ ಹಿಡಿದಳು. ಅವರೂ ಹಿಡಿದರು.

"ಯಾರ್ ತೀರಿಕೊಂಡಾರ್ರಿ?" ಎಂದು ಮೆಲ್ಲಗೆ ಕೇಳಿದಳು.

ಅಪ್ಪನ ನಗು ಅರ್ಧಕ್ಕೇ ನಿಂತಿತು. ಕೈ ಹಿಡಿದು ಅವಳನ್ನು ಹೊರಗೆ ತಂದ. ಮನೆಗೆ ಬಂದು ಒಲೆಯ ಮುಂದೆ ಕೂತವಳು ಕೇಳಿದಳು: "ಆ ಹೆಣ್ಮಕ್ಕಳಿಗೆ ಯಾರರೆ ಚಹಾ ಕೊಟ್ರೋ ಇಲ್ಲೋ?"

ಅಪ್ಪ ಎದ್ದು ಒಲೆಯ ಮೇಲೆ ಚಹಾಕ್ಕೆ ನೀರಿಟ್ಟ.

"ಮಮ್ಮಿ, ನಡಿ" ಎಂದು ಮಗಳು ಎಳೆದಳು. ಸುತ್ತಲೂ ಅರೆನರೆತ ಹೆಂಗಸರು ನನ್ನನ್ನೇ ನೋಡುತ್ತಿದ್ದರು.

"ಚಹಾ ಕುಡದ್ರೇನ್ರಿ?" ಎಂದೆ.

ಎಲ್ಲರ ತುಟಿಗಳೂ ಅಲುಗಿದವು.