ಮೋಟಾರು ನಿಂತಾಗ ಬರುತ್ತಿದ್ದ ಸದ್ದು

ಅಣ್ಣಾ ನಗರ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನೀರಿನ ಪೈಪ್ ಮೊದಲ ಸಲ ಒಡೆದಾಗ ಎಲ್ಲರೂ ಕೇಳಿದ್ದು ನನ್ನನ್ನೇ. ನಾನು ಹನ್ನೊಂದನೇ ತರಗತಿಗೆ ಭೌತಶಾಸ್ತ್ರ ಹೇಳಿಕೊಡುವವಳು. ಒಡೆದಿದ್ದು ಕೆಳಗೆ ಮೋಟಾರಿನ ಪಕ್ಕ, ಪೈಪ್ ಗೋಡೆಯ ಕಡೆಗೆ ತಿರುಗುವ ಎಲ್ಬೋ. ನಾನು ಯೋಚಿಸಲೂ ಹೋಗಲಿಲ್ಲ. ಟ್ಯಾಂಕ್ ನಾಲ್ಕು ಅಂತಸ್ತಿನ ಮೇಲಿದೆ, ಅಷ್ಟು ಎತ್ತರದ ನೀರಿನ ಒತ್ತಡವೆಲ್ಲ ಕೆಳಗಿನ ತಿರುವಿನ ಮೇಲೆ ಬೀಳುತ್ತದೆ, ದಪ್ಪ ಪೈಪ್ ಹಾಕಿಸಿ ಎಂದುಬಿಟ್ಟೆ. ಹಾಕಿಸಿದರು. ಎರಡು ತಿಂಗಳಿಗೆ ಅದೂ ಸೀಳಿಹೋಯಿತು.

ಅಲ್ಲಿಗೆ ನನ್ನ ಮಾತಿನ ಬೆಲೆ ಮುಗಿಯಿತು.

ನಿಜವಾದ ಸುಳಿವು ಕೊಟ್ಟಿದ್ದು ಅಮ್ಮ. ಅಪ್ಪನ ರೈಲ್ವೆ ಕೆಲಸಕ್ಕಾಗಿ ಮೈಸೂರು ಬಿಟ್ಟು ಈ ತಮಿಳು ಊರಿಗೆ ಬಂದವಳು, ಈಗ ಮಂಡಿನೋವಿನಿಂದ ಇಡೀ ದಿನ ಮನೆಯಲ್ಲೇ ಇರುತ್ತಾಳೆ. ಒಂದು ಬೆಳಿಗ್ಗೆ ಹುರುಳಿಕಾಯಿ ನಾರು ತೆಗೆಯುತ್ತಾ ಹೇಳಿದಳು: “ಮೋಟಾರು ಓಡ್ತಿರೋವಾಗ ಗೋಡೆ ಸುಮ್ನೆ ಇರತ್ತೆ ಕಣೇ. ನಿಲ್ಲಿಸಿದ ತಕ್ಷಣ ಧಡ್ ಅನ್ನತ್ತೆ.”

ನಾನು ಗೋಡೆಗೆ ಕೈಯಿಟ್ಟು ಕಾದೆ. ಮೋಟಾರು ನಿಂತಿತು. ಅರೆಕ್ಷಣ ಬಿಟ್ಟು ಗೋಡೆಯೊಳಗಿಂದ ಯಾರೋ ಗುದ್ದಿದಂತೆ ಅಂಗೈ ಅದುರಿತು.

ನಾಚಿಕೆಯಾಯಿತು. ನಿಂತ ನೀರಿನ ಲೆಕ್ಕದಿಂದ ಓಡುವ ನೀರನ್ನು ಅಳೆದಿದ್ದೆ. ಮೋಟಾರು ನಿಂತೊಡನೆ ಮೇಲೇರುತ್ತಿದ್ದ ನೀರು ಹಿಂದಕ್ಕೆ ಬೀಳುತ್ತದೆ. ಅದನ್ನು ತಡೆಯಲು ಮೋಟಾರಿನ ಬಾಯಲ್ಲಿ ಒಂದು ವಾಲ್ವ್ ಇದೆ. ಅದರ ಮುಚ್ಚಳ ಹಳೆಯದಾಗಿ ತಡವಾಗಿ ಬೀಳುತ್ತಿತ್ತು. ಅಷ್ಟರಲ್ಲಿ ಕೆಳಮುಖವಾಗಿ ವೇಗ ಹಿಡಿದ ನೀರು ಮುಚ್ಚಿದ ಮುಚ್ಚಳಕ್ಕೆ ಅಪ್ಪಳಿಸುತ್ತಿತ್ತು, ಆ ಪೆಟ್ಟು ಪಕ್ಕದ ಎಲ್ಬೋಗೂ ಬೀಳುತ್ತಿತ್ತು. ಒಂದೇ ಏಟಿಗೆ ಪೈಪ್ ಒಡೆಯುವುದಿಲ್ಲ. ದಿನಕ್ಕೆರಡು ಸಲ, ತಿಂಗಳುಗಟ್ಟಲೆ ಬಿದ್ದರೆ ಕೂದಲೆಳೆಯಷ್ಟಿದ್ದ ಬಿರುಕು ಬೆಳೆಯುತ್ತಾ ಹೋಗುತ್ತದೆ.

ನಮ್ಮ ಅಸೋಸಿಯೇಷನ್ ಸೆಕ್ರೆಟರಿ ಉಡುಪಿ ಕಡೆಯವರು, ನಲವತ್ತು ವರ್ಷ ಕೋಡಂಬಾಕ್ಕಂನಲ್ಲಿ ಹೋಟೆಲ್ ನಡೆಸಿದವರು. ಅವರ ಮನೆಗೆ ಹೋಗಿ ಎಲ್ಲ ಹೇಳಿದೆ. ಪೈಪ್ ಬಿಡಿ, ಆ ವಾಲ್ವ್ ಬದಲಿಸಿ, ಸ್ಪ್ರಿಂಗ್ ಇರುವುದು ಸಿಗುತ್ತದೆ, ನೀರು ಹಿಂತಿರುಗುವ ಮೊದಲೇ ಮುಚ್ಚಿಕೊಳ್ಳುತ್ತದೆ ಎಂದೆ.

“ಹೋದ ಸಲ ದಪ್ಪ ಪೈಪ್ ಅಂದ್ರಿ, ಈಗ ವಾಲ್ವ್ ಅಂತೀರಿ. ಎಂಥ ಟೀಚರ್ ಇದು?” ಎಂದು ನಕ್ಕರು. “ನಮ್ಮ ಹೋಟೆಲಲ್ಲಿ ಇದ್ದದ್ದು ಕಬ್ಬಿಣದ ಪೈಪ್. ಒಂದು ಹನಿ ಸೋರಲಿಲ್ಲ ಮಾರಾಯ್ರೆ.”

“ಕಬ್ಬಿಣ ಹಾಕಿದ್ರೆ ಪೆಟ್ಟು ಇನ್ನೂ ಜೋರಾಗತ್ತೆ ಸಾರ್. ಪ್ಲಾಸ್ಟಿಕ್ ಒಂಚೂರು ಹಿಗ್ಗತ್ತೆ, ಪೆಟ್ಟು ನುಂಗತ್ತೆ. ಕಬ್ಬಿಣ ನುಂಗಲ್ಲ.”

“ಗಟ್ಟಿ ಇದ್ದದ್ದು ಒಡೆಯುತ್ತದೆ, ಮೆತ್ತಗಿದ್ದದ್ದು ಉಳಿಯುತ್ತದೆ ಅಂತೀರಾ?”

ಹೌದು ಎಂದೆ. ಪಕ್ಕದಲ್ಲಿದ್ದ ಪ್ಲಂಬರ್‌ನನ್ನು ನೋಡಿದರು. ಅವನು ತಲೆ ಕೆರೆದುಕೊಂಡು, “ಪ್ರೆಷರ್ ಜಾಸ್ತಿ ಮಾ,” ಎಂದು ನಾನು ಹಿಂದೆ ಹೇಳಿದ್ದನ್ನೇ ನನಗೆ ಹೇಳಿದ.

ಕಬ್ಬಿಣದ ಪೈಪ್ ಬಂತು. ಈಗ ಸದ್ದು ಪಕ್ಕದ ಬ್ಲಾಕಿಗೂ ಕೇಳತೊಡಗಿತು. ಪ್ರತಿ ಬೆಳಿಗ್ಗೆ ಸೀರೆಯ ನೆರಿಗೆ ಹಿಡಿದು ನಿಂತಾಗ ಗೋಡೆ ಗುದ್ದುತ್ತಿತ್ತು, ನಾನು ಹಲ್ಲು ಕಚ್ಚುತ್ತಿದ್ದೆ. ಶಾಲೆಯಲ್ಲಿ ಇದೇ ಪಾಠವನ್ನು ನಲವತ್ತು ಮಕ್ಕಳು ತಲೆಯಾಡಿಸಿ ಬರೆದುಕೊಳ್ಳುತ್ತಿದ್ದರು. ಅಪಾರ್ಟ್‌ಮೆಂಟಿನಲ್ಲಿ ಒಬ್ಬ ಸೆಕ್ರೆಟರಿಯನ್ನು ಒಪ್ಪಿಸಲು ನನ್ನಿಂದಾಗಿರಲಿಲ್ಲ.

ಮೂರನೇ ವಾರ ಪೈಪ್ ಒಡೆಯಲಿಲ್ಲ, ಮೋಟಾರೇ ಒಡೆಯಿತು. ಪೈಪ್ ನುಂಗದ ಪೆಟ್ಟು ಹೋಗಿ ಬಿದ್ದದ್ದು ಅದರ ಹೊರಕವಚಕ್ಕೆ, ಅದು ಎರಕದ ಕಬ್ಬಿಣ. ಅದು ಬಗ್ಗುವುದನ್ನು ಅರಿಯದು, ಮಡಕೆಯಂತೆ ಬಿರಿಯುತ್ತದೆ. ನಾಲ್ಕು ದಿನ ಲಾರಿ ನೀರು. ಮೂರನೇ ಮಹಡಿಗೆ ಬಕೆಟ್ ಹೊತ್ತು ಹೊತ್ತು ನನ್ನ ಬೆರಳುಗಳಲ್ಲಿ ಗುಳ್ಳೆ ಎದ್ದವು. ಎರಡನೇ ದಿನ ನಾನು ಶಾಲೆಯಲ್ಲಿದ್ದಾಗ ಅಮ್ಮ ಆ ಮಂಡಿಯಲ್ಲೇ ಅರ್ಧ ಕೊಡ ತರಲು ಇಳಿದು ಮೆಟ್ಟಿಲಲ್ಲಿ ಕೂತುಬಿಟ್ಟಿದ್ದಳು. ಬರುವಾಗ ಅವಳನ್ನು ಕಂಡ ನನಗೆ ತಡೆಯಲಾಗಲಿಲ್ಲ. ಶಾಲೆಯ ಚೀಲ ಹೆಗಲಲ್ಲಿರುವಾಗಲೇ ಆ ಮೆಟ್ಟಿಲಿನ ಎದುರಿಗಿದ್ದ ಸೆಕ್ರೆಟರಿಯ ಬಾಗಿಲು ಬಡಿದೆ.

“ಮೊದಲ ಸಲ ನಾನು ತಪ್ಪು ಹೇಳ್ದೆ ಸಾರ್. ಒಪ್ಕೋತೀನಿ. ಹಾಗಂತ ಆಮೇಲೆ ಹೇಳಿದ್ದೆಲ್ಲ ತಪ್ಪಾಗತ್ತಾ?” ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು.

ಅವರು ಮೆಟ್ಟಿಲಲ್ಲಿದ್ದ ಅಮ್ಮನನ್ನು ನೋಡಿದರು. “ಎಂಥ ವಾಲ್ವ್ ಅಂತ ಬರೆದು ಕೊಡಿ,” ಎಂದರು.

ಹೊಸ ಮೋಟಾರಿನ ಜೊತೆ ವಾಲ್ವ್ ಕೂಡ ಬಂತು. ಸದ್ದು ನಿಂತಿತು. ಪ್ಲಂಬರ್ ಕಿವಿಯನ್ನು ಪೈಪಿಗೆ ಒತ್ತಿ, ಎರಡು ಸಲ ಮೋಟಾರು ಹಾಕಿ ಆರಿಸಿ, ನನ್ನ ಕಡೆ ನೋಡಿ ತಲೆದೂಗಿದ. ನನಗೆ ಸಿಕ್ಕ ಒಪ್ಪಿಗೆ ಅದೊಂದೇ.

ಮುಂದಿನ ಮೀಟಿಂಗಿನಲ್ಲಿ ಸೆಕ್ರೆಟರಿ, “ಹಳೇ ಮೋಟಾರೇ ಸರಿ ಇರಲಿಲ್ಲ. ಹೊಸದು ಒಳ್ಳೇದು,” ಎಂದು ಎಲ್ಲರಿಗೂ ವಿವರಿಸಿದರು. ನಾನು ಎದ್ದು ನಿಂತು ವಾಲ್ವ್ ವಿಷಯ ಹೇಳಿದೆ.

“ಎರಡೂ ಇರಬಹುದು ಟೀಚರ್,” ಎಂದು ಮೃದುವಾಗಿ ಹೇಳಿ ಪಾರ್ಕಿಂಗ್ ವಿಷಯಕ್ಕೆ ಹೋದರು.

ಮೇಲೆ ಬಂದು ಅಮ್ಮನ ಮುಂದೆ ಕಿರಿಚಾಡಿದೆ. “ನೀರು ಬಂತಲ್ಲ, ಬಿಡೇ,” ಎಂದಳು. ನಾನು ಬಿಡಲಿಲ್ಲ. ಊಟ ಮುಗಿಯುವವರೆಗೂ ಅದೇ ಮಾತಾಡಿದೆ. ಅವಳು ಮಜ್ಜಿಗೆ ಬಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.