ಬಿದಿರಿನ ಅಳತೆ

ಕುಂಚಾವರಂನಲ್ಲಿ ನಮ್ಮ ಪಕ್ಕದ ಹೊಲದ ಕಾಕಾ ಕಾಡುಹಂದಿ ಬೆದರಿಸಲು ಲೈಸೆನ್ಸಿನ ನಾಡಬಂದೂಕು ಇಟ್ಟಿದ್ದರು. ಗುಂಡು ಹಾಕುತ್ತಿರಲಿಲ್ಲ, ಬರೀ ಮದ್ದು. ಅದನ್ನು ಅಳತೆಯ ಬಿದಿರಿನ ತುಂಡಿನಲ್ಲಿ ತುಂಬಿ, ಮೇಲೆ ಹೆಬ್ಬೆರಳು ಎಳೆದು ಸಮ ಮಾಡಿ, "ಸಪ್ಪಳಕ್ಕ ಇಷ್ಟು ಸಾಕು. ಹೆಚ್ಚಾದ್ರ ನಳಿಗಿ ಸೀಳ್ತದ" ಎನ್ನುತ್ತಿದ್ದರು.

ಒಂದು ಸಂಜೆ ಹಂದಿಗಳು ಅವರ ಶೇಂಗಾ ಹೊಲಕ್ಕೆ ನುಗ್ಗಿದವು. ಕಾಕಾ ಮದ್ದು ಹಾಕಿ ಅತ್ತ ತಿರುಗಿದಾಗ ಅವರ ಹೆಂಡತಿಯ ತಮ್ಮ ನಳಿಗೆಗೆ ಇನ್ನೊಂದಿಷ್ಟು ಸುರಿದ.

"ಭಾಳ ಅಂಜತಿ ಮಾಮಾ. ಇವತ್ತು ಕಾಡೇ ನಡುಗಲಿ!"

ಕಾಕಾ ಇತ್ತ ತಿರುಗಿದರು. ಬಂದೂಕು ಬೋರಲು ಮಾಡಿ, ತಟ್ಟಿ, ಎಲ್ಲ ಮದ್ದನ್ನೂ ಚೆಲ್ಲಿದರು.

"ಅಲ್ಲಿ ಹಂದಿ ತಿನ್ಲಿಕತ್ತಾವ, ಮಾಮಾ!"

"ತಿನ್ಲಿ. ಶೇಂಗಾ ಮತ್ತ ಬಿತ್ತೀನಿ. ನಿನ್ನ ಕಣ್ಣು ಬಿತ್ತಾಕ ಬರ್ತದೇನು?"

ಬಳ್ಳಿ ಕೀಳುವ ಸದ್ದು ಹತ್ತಿರವಾಗುತ್ತಿತ್ತು. ಅವರು ಬಿದಿರನ್ನು ಮತ್ತೆ ತುಂಬಿ, ಅದರ ಬಾಯಿಯ ಮೇಲೆ ನಿಧಾನವಾಗಿ ಹೆಬ್ಬೆರಳು ಎಳೆದರು.